ಎಡಗಣ್ಣಿನ ನೆಲ

ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಬುರುಡೆ ಅಕ್ಕ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದರು ಅಂದುಕೊಂಡು ಸುಮ್ಮನಿರುತ್ತೇನೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಹಳೆಯ ಮಂಚಗಳನ್ನು ರಾಶಿ ಹಾಕಿರುವ ಕೋಣೆಗೂ ನಡುವೆ ನನ್ನ ಕೆಲಸದ ಕೋಣೆ. ಮೇಲಿನಿಂದ ರೋಗಿಯ ಸ್ಕ್ಯಾನ್ ಬರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ತಿದ್ದಿ ಯಂತ್ರಕ್ಕೆ ಕೊಟ್ಟರೆ, ಅದು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಪದರದ ಮೇಲೆ ಪದರ ಹಾಕುತ್ತಾ ಆ ರೋಗಿಯ ಮುಖದ ಮೂಳೆಯನ್ನು ಅಚ್ಚು ಮಾಡಿಕೊಡುತ್ತದೆ. ಆ ಅಚ್ಚಿನ ಮೇಲೆ ಟೈಟಾನಿಯಂ ಜಾಲರಿ ಇಟ್ಟು, ಮುರಿದ ಜಾಗಕ್ಕೆ ಕೂರುವ ಹಾಗೆ ನಾನು ಬಗ್ಗಿಸುತ್ತೇನೆ. ಜಾಲರಿ ಮೇಲಕ್ಕೆ ಹೋಗುತ್ತದೆ, ರೋಗಿಯ ಮುಖದೊಳಗೆ ಸೇರುತ್ತದೆ. ರೋಗಿಯನ್ನು ಮಾತ್ರ ನಾನು ನೋಡುವುದಿಲ್ಲ. ಹನ್ನೊಂದು ವರ್ಷದಲ್ಲಿ ಕಣ್ಣಾರೆ ನೋಡಿದ ರೋಗಿ ಒಬ್ಬನೇ, ಅವನು ನನ್ನ ತಮ್ಮ.

ಕಣ್ಣಿನ ಗೂಡು ಅಂದರೆ ಜನ ಒಂದು ಗುಂಡಿ ಅಂದುಕೊಂಡಿದ್ದಾರೆ. ಅದು ಗುಂಡಿಯಲ್ಲ, ಕೋಣೆ. ಮುಂದೆ ಗಟ್ಟಿ ಚೌಕಟ್ಟು, ಮೇಲೆ ಚಾವಣಿ, ಪಕ್ಕದಲ್ಲಿ ಗೋಡೆ, ಕೆಳಗೆ ನೆಲ. ಚೌಕಟ್ಟು ಎಂಥ ಪೆಟ್ಟನ್ನೂ ತಡೆದುಕೊಂಡೀತು. ನೆಲ ಮಾತ್ರ ಒಣಗಿದ ಎಲೆಯಷ್ಟು ತೆಳು, ಅದರ ಕೆಳಗೆ ಕೆನ್ನೆಯೊಳಗಿನ ಟೊಳ್ಳು. ಕಣ್ಣಿಗೆ ಏಟು ಬಿದ್ದಾಗ ಎಷ್ಟೋ ಸಲ ಚೌಕಟ್ಟು ಹಾಗೇ ಉಳಿದು, ನೆಲ ಒಡೆದು ಕೆಳಗೆ ಕುಸಿಯುತ್ತದೆ. ಕಣ್ಣುಗುಡ್ಡೆ ಒಡೆಯುವುದಕ್ಕಿಂತ ನೆಲ ಒಡೆಯಲಿ ಅಂತಲೇ ಕಟ್ಟಿದವನು ಹಾಗೆ ಕಟ್ಟಿದ್ದಾನೆ ಎಂದು ನಮ್ಮ ದೊಡ್ಡ ಡಾಕ್ಟರು ಹೇಳುತ್ತಾರೆ. ಮುಖದ ಮೂಳೆಗಳ ಆಪರೇಷನ್ ಮಾಡುವವರು ಅವರೇ.

ಅವರಿಗೊಂದು ಹುಚ್ಚು. ಒಂದೇ ತರಹದ ಏಟಿಗೆ ಒಬ್ಬನ ನೆಲ ಒಡೆಯುತ್ತದೆ, ಇನ್ನೊಬ್ಬನದು ಒಡೆಯುವುದಿಲ್ಲ, ಯಾಕೆ ಅಂತ. ಉತ್ತರ ಗೂಡಿನ ಆಕಾರದಲ್ಲೇ ಇರಬೇಕು ಎಂದು ನನ್ನ ಕೈಯಲ್ಲಿ ಇನ್ನೂರ ಹನ್ನೊಂದು ಜನರ ಮುರಿಯದ ಕಡೆಯ ಗೂಡು ಅಳೆಸಿದರು. ಎತ್ತರ, ಅಗಲ, ಆಳ, ನೆಲ ಮೂಗಿನ ಕಡೆಯ ಗೋಡೆಗೆ ಸೇರುವ ಓರೆ, ಎಲ್ಲವನ್ನೂ. ಒಬ್ಬನ ಗೂಡಿನ ಹಾಗೆ ಇನ್ನೊಬ್ಬನದಿಲ್ಲ. ಆದರೆ ಒಂದು ವಿಷಯ ನಾನು ಅಳೆದ ಎಲ್ಲರಲ್ಲೂ ಕಂಡಿತು. ಕಣ್ಣುಗುಡ್ಡೆಯ ಹಿಂದಕ್ಕೆ ಹೋದ ಹಾಗೆ ನೆಲ ಸ್ವಲ್ಪ ಮೇಲೆದ್ದು ಸಣ್ಣ ದಿಬ್ಬವಾಗುತ್ತದೆ. ಒಬ್ಬರದು ಎತ್ತರ, ಒಬ್ಬರದು ತಗ್ಗು, ದಿಬ್ಬವಂತೂ ಇರುತ್ತದೆ. ಕಣ್ಣು ತನ್ನ ಜಾಗದಲ್ಲಿ ಕೂರುವುದಕ್ಕೆ ಅದರ ಆಸರೆ ಬೇಕು.

ನನ್ನ ತಮ್ಮನನ್ನು ಮನೆಯಲ್ಲಿ, ಬೀದಿಯಲ್ಲಿ, ಡಿಪೋದಲ್ಲಿ ಎಲ್ಲರೂ ದೊರೆ ಎಂದೇ ಕರೆಯುತ್ತಾರೆ. ಚಿಕ್ಕವನಿದ್ದಾಗಿನಿಂದ ಗದ್ದ ಮೇಲೆತ್ತಿಕೊಂಡೇ ಎದುರಿಗಿದ್ದವರನ್ನು ನೋಡುತ್ತಾನೆ. ಗೊತ್ತಿಲ್ಲದವರು ಸೊಕ್ಕು ಅಂದುಕೊಳ್ಳುತ್ತಾರೆ. ಸೊಕ್ಕು ಅವನ ಹತ್ತಿರ ಹುಡುಕಿದರೂ ಸಿಗುವುದಿಲ್ಲ. ಊರೊಳಗಿನ ಬಸ್ಸು ಓಡಿಸುತ್ತಿದ್ದ. ಹದಿನೇಳು ವರ್ಷ ಒಂದೇ ದಾರಿ, ರೈಲು ನಿಲ್ದಾಣದಿಂದ ನೀರಿನ ಟ್ಯಾಂಕಿನವರೆಗೆ. ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಓಡಿ ಬರುವ ಹೆಂಗಸು ಕನ್ನಡಿಯಲ್ಲಿ ಕಂಡರೆ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದ, ಮೇಲಿನವರಿಂದ ಬೈಸಿಕೊಳ್ಳುತ್ತಿದ್ದ, ಮಾರನೆಯ ದಿನ ಮತ್ತೆ ಕಾಯುತ್ತಿದ್ದ. ಅವನಿಗೆ ಬಸ್ಸು ಬಿಟ್ಟರೆ ಬೇರೆ ಲೋಕವಿಲ್ಲ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಇಬ್ಬರು ಗಂಡಸರು ಕಿತ್ತಾಡತೊಡಗಿದರು. ಬಸ್ಸು ನಿಲ್ಲಿಸಿ ಬಿಡಿಸಲು ಹೋದ ಇವನ ಬಲಗಣ್ಣಿಗೆ ಒಬ್ಬನ ಮೊಣಕೈ ಬಡಿಯಿತು. ಊರಿನ ಜಗಳವನ್ನೆಲ್ಲ ಬಿಡಿಸಲು ನೀನೇನು ಪೊಲೀಸಾ ಎಂದು ನಾನು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು ಬೈದೆ. ಅವನ ಕೆನ್ನೆ ಊದಿ ಕುಂಬಳಕಾಯಿಯಾಗಿತ್ತು. ಸ್ಕ್ಯಾನಿನಲ್ಲಿ ಬಲಗಣ್ಣಿನ ನೆಲ ಮುರಿದು, ಕಣ್ಣಿನ ಸುತ್ತಲಿನ ಕೊಬ್ಬೆಲ್ಲ ಕೆಳಗಿನ ಟೊಳ್ಳಿಗೆ ಜೋತುಬಿದ್ದಿತ್ತು.

"ಅಕ್ಕ, ಎಲ್ಲಾ ಎರಡೆರಡು ಕಾಣ್ತಿದೆ," ಎಂದ. "ನೀನೂ ಇಬ್ರಿದೀಯ. ಒಬ್ಳು ಬೈದ್ರೆ ಸಾಕು, ಇನ್ನೊಬ್ಳನ್ನ ಕಳ್ಸು."

ದೊಡ್ಡ ಡಾಕ್ಟರು ಅವನ ಎದುರಿಗೇ ಧೈರ್ಯ ಹೇಳಿದರು. ನೆಲ ಸರಿಯಾಗಿ ಕೂರಿಸಿದರೆ ಕಣ್ಣು ಮೊದಲಿನ ಜಾಗಕ್ಕೆ ಬರುತ್ತದೆ, ಎರಡು ಕಾಣುವುದು ಹೋಗುತ್ತದೆ, ಮೂರು ತಿಂಗಳಲ್ಲಿ ಬಸ್ಸು ಹತ್ತಬಹುದು ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನ ತಮ್ಮ ಅಂತೆ. ಕೈ ನಡುಗುತ್ತೆ ಅಂದ್ರೆ ಹೇಳಮ್ಮ, ಅಚ್ಚು ಜಾಲರಿ ಹೊರಗಡೆ ಮಾಡಿಸೋಣ."

"ನನ್ನ ತಮ್ಮನದು ನಾನೇ ಮಾಡ್ತೀನಿ ಸರ್," ಎಂದೆ. ಬೇರೆ ಯಾರ ಕೈ ನನ್ನ ಕೈಯಷ್ಟು ಪಳಗಿದೆ ಎನ್ನುವ ಜಂಬ ಅದು. ಸುಳ್ಳೇಕೆ ಹೇಳಲಿ.

ನಮ್ಮ ಕೆಲಸದ ಪದ್ಧತಿ ಹೀಗೆ. ಒಂದು ಕಡೆಯ ಗೂಡು ಮುರಿದರೆ ಇನ್ನೊಂದು ಕಡೆಯದನ್ನು ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದ ಹಾಗೆ ತಿರುಗಿಸಿ ಮುರಿದ ಕಡೆಗೆ ಕೂರಿಸುತ್ತೇವೆ. ಒಂದು ಕಾಲಿನ ಚಪ್ಪಲಿ ಕಳೆದರೆ ಇನ್ನೊಂದನ್ನು ನೋಡಿ ಜೊತೆ ಮಾಡಿಸಿದ ಹಾಗೆ. ಹಾಗೆ ಮಾಡಲು ಆ ಇನ್ನೊಂದು ಕಡೆ ಸರಿಯಾಗಿರಬೇಕು. ಅದೂ ಹಿಂದೆ ಯಾವಾಗಲೋ ಮುರಿದಿದ್ದರೆ ಅದನ್ನು ಮುಟ್ಟುವುದಿಲ್ಲ. ಆಗ ನಾನು ಅಳೆದಿಟ್ಟ ಇನ್ನೂರ ಹನ್ನೊಂದು ಜನರಲ್ಲಿ ರೋಗಿಯ ಮುಖದ ಅಳತೆಗೆ ಹೊಂದುವವರನ್ನು ಆರಿಸಿ, ಅವರ ಸರಾಸರಿ ತೆಗೆದು ನೆಲ ಕಟ್ಟುತ್ತೇವೆ. ಹೀಗೆ ಎರಡು ದಾರಿ ಇದ್ದವು. ಯಾವ ದಾರಿ ಎನ್ನುವುದು ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿತ್ತು, ಇನ್ನೊಂದು ಕಣ್ಣಿಗೆ ಹಿಂದೆ ಏಟು ಬಿದ್ದಿತ್ತೇ.

ದೊರೆಯ ಎಡ ಗೂಡನ್ನು ಮೊದಲು ಅಚ್ಚು ತೆಗೆದೆ. ಯಂತ್ರದಿಂದ ಬಿಡಿಸಿ, ಅಂಚು ಉಜ್ಜಿ, ಅಭ್ಯಾಸದ ಮೇಲೆ ಹೆಬ್ಬೆರಳನ್ನು ಗೂಡಿನೊಳಗೆ ಇಳಿಸಿ ನೆಲದ ಮೇಲೆ ಎಳೆದೆ. ಮೊದಲು ಸಪಾಟು, ಆಮೇಲೆ ದಿಬ್ಬ ಬರಬೇಕು. ಬರಲಿಲ್ಲ. ದಿಬ್ಬ ಇರಬೇಕಾದ ಕಡೆ ಬೆರಳು ತಗ್ಗಿಗೆ ಇಳಿಯಿತು. ಬಿರುಕಿಲ್ಲ, ಚೂಪಿಲ್ಲ, ನುಣ್ಣಗೆ, ತೊಟ್ಟಿಲಿನ ತಳದ ಹಾಗೆ. ಬೆರಳು ಅಲ್ಲೇ ನಿಂತಿತು. ಇನ್ನೂರ ಹನ್ನೊಂದು ಜನರಲ್ಲಿ ಒಬ್ಬರಲ್ಲೂ ಸಿಗದ ತಗ್ಗು ಅದು.

ಹಳೆಯ ಮಾತು ಒಂದಿದೆ. ಈಗ ಹೇಳಿಬಿಡುತ್ತೇನೆ.

ಆಗ ನನಗೆ ಹನ್ನೆರಡು, ಅವನಿಗೆ ಎಂಟು. ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದಳು. ಅವತ್ತು ಮಧ್ಯಾಹ್ನ ಅವಳು ಕಾಯಿಸಿಟ್ಟು ಹೋಗಿದ್ದ ಹಾಲನ್ನು ಇಬ್ಬರೂ ಕುಡಿದಿದ್ದೆವು. ನನಗೆ ಮಾರನೆಯ ದಿನ ಪರೀಕ್ಷೆ. ಅವನು ರಬ್ಬರ್ ಚೆಂಡು ಹಿಡಿದು ಗೋಡೆಗೆ ಹೊಡೆಯುತ್ತಾ ಕೂತಿದ್ದ. ಟಪ್, ಟಪ್, ಟಪ್. ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಚೆಂಡು ನನ್ನ ಪುಸ್ತಕದ ಮೇಲೆ ಬಿತ್ತು. ನನ್ನ ಕೋಪ ಆಗಲೂ ಮೂಗಿನ ತುದಿಯಲ್ಲೇ. ಎತ್ತಿಕೊಂಡೆ, ಎರಡು ಮಾರು ದೂರದಲ್ಲಿದ್ದ ಅವನ ಮುಖಕ್ಕೆ ಬೀಸಿದೆ. ಆ ಚೆಂಡು ನಿಂಬೆಹಣ್ಣಿಗಿಂತ ಒಂಚೂರು ದಪ್ಪ, ಕಲ್ಲಿನಷ್ಟು ಗಟ್ಟಿ. ಎಡಗಣ್ಣಿಗೆ ಸರಿಯಾಗಿ ಬಡಿಯಿತು.

ಅವನು ಅಳಲಿಲ್ಲ. ಕೈಯಿಂದ ಕಣ್ಣು ಮುಚ್ಚಿಕೊಂಡು ಕೂತ. ಕೈ ತೆಗೆಸಿ ನೋಡಿದೆ, ರಕ್ತವಿಲ್ಲ, ಊತವಿಲ್ಲ, ಕಣ್ಣು ಬೆಳ್ಳಗೆ ಚೆನ್ನಾಗಿಯೇ ಇದೆ. ಸದ್ಯ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವನು ವಾಂತಿ ಮಾಡಿಕೊಂಡ. ಮೇಲೆ ನೋಡೋ ಅಂದರೆ ನೋಡಲಾರ, ನೋಡಲು ಹೋದರೆ ಮತ್ತೆ ವಾಂತಿ. ನಾನು ನೆಲ ಒರೆಸಿ ಅವನ ಎದುರು ಕೂತೆ.

"ಅಮ್ಮಂಗೆ ಹೇಳ್ಬೇಡ ಕಣೋ."

"ಹೇಳಲ್ಲ."

"ಆಣೆ ಹಾಕು. ಅಮ್ಮನಾಣೆ ಅನ್ನು. ಹೇಳಿದ್ರೆ ಅಮ್ಮ ಸತ್ತು ಹೋಗ್ತಾಳೆ, ಗೊತ್ತಾಯ್ತಾ?"

ಅವನು ಒಂದು ಕಣ್ಣು ಮುಚ್ಚಿಕೊಂಡೇ ಅಮ್ಮನಾಣೆ ಎಂದ.

ಸಂಜೆ ಅಮ್ಮ ಬಂದಾಗ ನಾನು ಹೇಳಿದ್ದು ಇಷ್ಟೇ, ಹಾಲು ಕುಡಿದ, ಆಮೇಲೆ ವಾಂತಿ ಮಾಡಿದ. ಅಮ್ಮ ಸೀದಾ ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಎತ್ತಿ ಮೂಸಿದಳು. ಹಿಂದಿನ ದಿನದ ಹಾಲು ಅದು. ನಮ್ಮ ಬೀದಿಯ ಮೂಲೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹಳೇ ಹಾಲೇ ಇರಬೇಕು ಎಂದು ಔಷಧಿ ಕೊಟ್ಟರು. ನಾಲ್ಕು ದಿನ ಮಲಗಿದ್ದ. ಐದನೆಯ ದಿನ ಎದ್ದು ಓಡಾಡಿದ. ಗದ್ದ ಮೇಲೆತ್ತಿ ನೋಡುವುದು ಶುರುವಾಗಿದ್ದು ಆಗಲೇ. ಮೇಲಿನದನ್ನು ನೋಡಲು ಆ ಕಣ್ಣು ಏಳುತ್ತಿರಲಿಲ್ಲ, ಅದಕ್ಕೆ ಪಾಪ ತಲೆಯನ್ನೇ ಎತ್ತುತ್ತಿದ್ದ. ನಾವೆಲ್ಲ ನಕ್ಕು ದೊರೆ ಎಂದು ಹೆಸರಿಟ್ಟೆವು. ಮೊದಲು ಹಾಗೆ ಕರೆದವಳು ನಾನು.

ಅಮ್ಮ ಮಾತ್ರ ಅವತ್ತಿನಿಂದ ಹಾಲು ಮೂಸದೆ ಯಾರಿಗೂ ಕೊಟ್ಟವಳಲ್ಲ. ಆಗ ತಾನೇ ಕರೆದು ತಂದ ಹಾಲಾದರೂ ಸರಿ, ಮೂಸಿಯೇ ಕೊಡುವುದು. ನನ್ನ ಕೈಯಾರೆ ಮಗನನ್ನು ಕೊಲ್ಲುವುದರಲ್ಲಿದ್ದೆ ಎಂದು ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಹತ್ತು ವರ್ಷ, ಇಪ್ಪತ್ತು ವರ್ಷ ಕಳೆದ ಮೇಲೆ ಸುಳ್ಳು ಸುಳ್ಳು ಅಂತಲೇ ಅನ್ನಿಸುವುದಿಲ್ಲ. ಮೂಲೆಯಲ್ಲಿಟ್ಟ ಹಳೆಯ ಪೆಟ್ಟಿಗೆಯ ಹಾಗೆ ಇರುತ್ತದೆ, ಗುಡಿಸುವಾಗ ಅದರ ಸುತ್ತಲೂ ಗುಡಿಸುತ್ತೇವೆ ಅಷ್ಟೇ.

ಹೆಬ್ಬೆರಳಿಗೆ ಗೊತ್ತಾಗಿದ್ದು ತಲೆಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಯಿತು. ಮಕ್ಕಳ ಎಳೆಯ ಮೂಳೆ ಬಾಗಿಲಿನ ಹಾಗೆ ತೆರೆದು ಮುಚ್ಚಿಕೊಳ್ಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಮಗು ವಾಂತಿ ಮಾಡುತ್ತದೆ, ದೊಡ್ಡವರು ಹೊಟ್ಟೆಯ ತೊಂದರೆ ಎಂದು ಮೋಸ ಹೋಗುತ್ತಾರೆ. ಇದನ್ನು ದೊಡ್ಡ ಡಾಕ್ಟರು ಕಲಿಯುವ ಡಾಕ್ಟರುಗಳಿಗೆ ನನ್ನ ಕೋಣೆಯಲ್ಲೇ ನಿಂತು ಎಷ್ಟು ಸಲ ಹೇಳಿಕೊಟ್ಟಿಲ್ಲ. ಪ್ರತಿ ಸಲವೂ ನಾನು ಬೆನ್ನು ತಿರುಗಿಸಿ ಏನಾದರೂ ಉಜ್ಜುತ್ತಿದ್ದೆ. ಈಗ ತಗ್ಗು ಬೆರಳಿನ ಕೆಳಗೇ ಇರುವಾಗ ನನಗೆ ನಾನೇ ಹೇಳಿಕೊಂಡೆ, ಒಬ್ಬೊಬ್ಬರ ಗೂಡಿನ ಆಕಾರ ಒಂದೊಂದು, ಇದು ಇವನ ಹುಟ್ಟಿನ ಕಟ್ಟು. ಆಕಾರದ ವಿಷಯ ಅಷ್ಟು ಓದಿದವಳಿಗೆ ನೆಪ ಹುಡುಕಲು ಕಷ್ಟವೇನಿಲ್ಲ.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ದೊರೆಯ ಹಾಸಿಗೆಯ ಹತ್ತಿರ ಬಂದರು. ನಾನೂ ಅಚ್ಚು ಹಿಡಿದುಕೊಂಡು ಹೋಗಿದ್ದೆ. ಬಾಗಿಲಿನಾಚೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು, ಬಾಗಿಲು ತೆರೆದೇ ಇತ್ತು. ದೊರೆ ನರ್ಸಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದ. "ಎಲ್ಲರೂ ಬುರುಡೆ ಬಿಡ್ತಾರೆ, ನಮ್ಮಕ್ಕ ಬುರುಡೆ ಮಾಡ್ತಾಳೆ." ನರ್ಸು ನಗುತ್ತಿದ್ದಳು.

ಡಾಕ್ಟರು ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. "ಎಡಗಡೆ ನೆಲ ಸ್ವಲ್ಪ ತಗ್ಗಾಗಿದೆಯಲ್ಲ. ಈ ಕಡೆ ಯಾವತ್ತಾದ್ರೂ ಏಟು ಬಿದ್ದಿತ್ತಾ? ಚಿಕ್ಕವನಿದ್ದಾಗ?"

ದೊರೆ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಗದ್ದ ಎತ್ತಿ, ಊದಿಕೊಳ್ಳದ ಆ ಒಂದು ಕಣ್ಣಿನಿಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನೇ ಮುಂದೆ ಬಿದ್ದು ಹೇಳಿದೆ. "ಇಲ್ಲ ಸರ್. ಏನೂ ಇಲ್ಲ. ಅವನ ಕಟ್ಟೇ ಹಾಗೆ."

"ನೀನು ಹೇಳಪ್ಪ," ಎಂದು ಡಾಕ್ಟರು ಅವನನ್ನು ಕೇಳಿದರು.

ಅವನು ನನ್ನಿಂದ ಕಣ್ಣು ತೆಗೆದು ಬಾಗಿಲಿನ ಕಡೆ ನೋಡಿದ. "ಇಲ್ಲ ಸರ್. ನೆನಪಿಲ್ಲ."

ಡಾಕ್ಟರು ಕಾಗದದಲ್ಲಿ ಬರೆದುಕೊಂಡರು. ನಾನು ನೆಲಮಾಳಿಗೆಗೆ ಇಳಿದೆ, ಎಡಗಡೆಯದನ್ನು ತಿರುಗಿಸಿ ಬಲಗಡೆಗೆ ಕೂರಿಸಿದೆ, ಆ ತಗ್ಗಿನ ಮೇಲೆ ಜಾಲರಿ ಇಟ್ಟು ಇಕ್ಕಳದಿಂದ ಬಗ್ಗಿಸಿದೆ. ಕೈ ಒಂದು ಚೂರೂ ನಡುಗಲಿಲ್ಲ. ಅಷ್ಟು ಚೊಕ್ಕ ಜಾಲರಿಯನ್ನು ನಾನು ಹಿಂದೆ ಮಾಡಿರಲಿಲ್ಲ.

ಊತ ಇಳಿದ ಮೇಲೆ ದೊರೆಯ ಮುಖ ನೋಡಿ ಎಲ್ಲರೂ ಹೊಗಳಿದರು. ಎರಡು ಕಣ್ಣೂ ಒಂದೇ ಮಟ್ಟ, ಒಂದೇ ಆಳ. ಮೊದಲಿಗಿಂತ ಚೆನ್ನಾಗಿ ಕಾಣ್ತಾನೆ ಎಂದು ಅವನ ಹೆಂಡತಿ ನಾಚಿಕೊಂಡು ಹೇಳಿದಳು. ಅಮ್ಮ ಅವನ ಮುಖ ಸವರಿ ಸವರಿ, ನಮ್ಮ ಮನೆಯವಳ ಕೈ ಅಂದರೆ ಕೈ ಎಂದು ನನ್ನನ್ನು ವಾರ್ಡಿನ ತುಂಬ ಹೊಗಳಿದಳು. ನಾನು ನಗುತ್ತಾ ನಿಂತಿದ್ದೆ.

ಎರಡು ಕಾಣುವುದು ಹೋಗಲಿಲ್ಲ. ಒಂದು ತಿಂಗಳು ಆಗಲಿ ಎಂದರು, ಆಯಿತು. ಮೂರು ತಿಂಗಳು ಆಗಲಿ ಎಂದರು, ಅದೂ ಆಯಿತು. ಕಣ್ಣಿನ ವ್ಯಾಯಾಮ, ಪಟ್ಟಿ, ಬೇರೆ ಬೇರೆ ಕನ್ನಡಕ, ಎಲ್ಲ ಆದವು. ಒಂದರ ಮೇಲೊಂದು ಎರಡು ಬಾಗಿಲು, ಎರಡು ಚಂದ್ರ, ಹೆಂಡತಿಯ ಹಣೆಯ ಮೇಲೆ ಇನ್ನೊಬ್ಬ ಹೆಂಡತಿ. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲ ಅಕ್ಕ, ಹಂಗಾಗಿದೆ ನನ್ನ ಕಣ್ಣು," ಎಂದು ನಗುತ್ತಿದ್ದ. ಆ ನಗು ಕೇಳಲಾಗದೆ ನಾನು ಏನೋ ನೆಪ ಹೇಳಿ ಎದ್ದು ಬರುತ್ತಿದ್ದೆ.

ಐದನೆಯ ತಿಂಗಳು ಬಸ್ಸಿನವರ ಕಣ್ಣಿನ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಒಂದು ದೀಪ ಹಚ್ಚಿ ಎಷ್ಟು ಕಾಣುತ್ತದೆ ಎಂದು ಕೇಳುತ್ತಾರೆ. ಒಂದು ಎಂದರೆ ಬಸ್ಸು, ಎರಡು ಎಂದರೆ ಇಲ್ಲ. ಡಿಪೋದ ಗೆಳೆಯರೆಲ್ಲ, ಇರೋದು ಒಂದೇ ದೀಪ ಕಣೋ, ಕಣ್ಮುಚ್ಚಿ ಒಂದು ಅಂದ್ಬಿಡು ಎಂದು ಹೇಳಿಕೊಟ್ಟು ಕಳಿಸಿದ್ದರು. ನಾನು ಹೊರಗೆ ಕಾಯುತ್ತಿದ್ದೆ. ಅವನು ಬಂದು ಪಕ್ಕದಲ್ಲಿ ಕೂತ.

"ಎರಡು ಅಂದೆ," ಎಂದ.

ನಾನು ಅವನ ಕಡೆ ತಿರುಗಿದೆ.

"ಬಸ್ಸಲ್ಲಿ ಐವತ್ತು ಜನ ಇರ್ತಾರೆ ಅಕ್ಕ. ಸುಳ್ಳು ಹೇಳಿ ಹೆಂಗೆ ಹತ್ಲಿ?"

ಡಿಪೋದವರು ಒಳ್ಳೆಯವರು, ಕೈಬಿಡಲಿಲ್ಲ. ಬಸ್ಸಿನಲ್ಲಿ ಜನ ಮರೆತುಹೋದ ಛತ್ರಿ, ಚೀಲ, ಊಟದ ಡಬ್ಬಿಗಳನ್ನು ಕಾಯುವ ಕೋಣೆಯಲ್ಲಿ ಕೂರಿಸಿದರು. ಹೊರಗೆ ಬಸ್ಸು ಹೊರಟರೆ ಸದ್ದಿನ ಮೇಲೇ ಯಾವ ಬಸ್ಸು, ಯಾರ ಕೈಯಲ್ಲಿದೆ ಎಂದು ಹೇಳುತ್ತಾನಂತೆ. ತಾನು ಓಡಿಸುತ್ತಿದ್ದ ಬಸ್ಸಿನ ಸದ್ದಾದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಾನಂತೆ. ಅವನ ಹೆಂಡತಿ ಇದನ್ನು ನನಗೆ ಹೇಳುತ್ತಾ ಅತ್ತಳು.

ಅವತ್ತು ನಾನು ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಪಾಟಿನ ಮೇಲೆ ನಮ್ಮ ಯಂತ್ರ ತೆಗೆದ ಮೊಟ್ಟಮೊದಲ ಅಚ್ಚು ಇದೆ. ಪರೀಕ್ಷೆಗೆ ಬೇರೆ ಯಾರೂ ಒಪ್ಪದೆ ನನ್ನದೇ ತಲೆ ಸ್ಕ್ಯಾನ್ ಮಾಡಿಸಿ ತೆಗೆದದ್ದು, ಬುರುಡೆ ಅಕ್ಕ ಅನ್ನುವ ಹೆಸರೂ ಅದರಿಂದಲೇ ಬಂದದ್ದು. ಅದನ್ನೂ ದೊರೆಯ ಅಚ್ಚನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅದೇ ಹುಬ್ಬು, ಅದೇ ಅಗಲದ ಚೌಕಟ್ಟು, ಮೂಗಿನ ಬುಡದಲ್ಲಿ ಅದೇ ಚಿಕ್ಕ ಓರೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಯಾರಾದರೂ ಹೇಳಬಹುದಿತ್ತು. ನನ್ನ ಎಡ ಗೂಡಿಗೆ ಬೆರಳು ಇಳಿಸಿದೆ, ದಿಬ್ಬ ಸಿಕ್ಕಿತು. ಅವನದಕ್ಕೆ ಇಳಿಸಿದೆ, ಬೆರಳು ತಗ್ಗಿಗೆ ಬಿತ್ತು. ಇದು ನಮ್ಮ ಮನೆಯ ಕಟ್ಟಲ್ಲ. ಇದು ನನ್ನ ಕೈಯ ಕೆಲಸ. ಹನ್ನೆರಡನೆಯ ವಯಸ್ಸಿನಲ್ಲಿ ಎಡಗಡೆ ಕೆಡಿಸಿದೆ, ನಲವತ್ಮೂರನೆಯ ವಯಸ್ಸಿನಲ್ಲಿ ಅಳತೆ ತೆಗೆದು, ಹಾಗೇ ಬಲಗಡೆಯನ್ನೂ ಕೆಡಿಸಿದೆ. ಅಲ್ಲೇ ಕೂತು ಅತ್ತೆ. ಪಕ್ಕದ ಕೋಣೆಯ ಒಗೆಯುವ ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಎದ್ದು, ಮುಖ ತೊಳೆದು, ಎರಡು ಅಚ್ಚನ್ನೂ ಎತ್ತಿಕೊಂಡು ದೊಡ್ಡ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಎರಡು ಅಚ್ಚುಗಳನ್ನೂ ತಿರುಗಿಸಿ ನೋಡಿದರು.

"ಮೂವತ್ತೊಂದು ವರ್ಷ ಆ ಎಡಗಣ್ಣಿನ ಕೊರತೇನ ಬಲಗಣ್ಣು ತುಂಬಿಸ್ಕೊಂಡು ಬಂದಿತ್ತಮ್ಮ. ಗದ್ದ ಎತ್ತಿ, ಹೇಗೋ ಹೊಂದಿಸ್ಕೊಂಡು. ಈಗ ನಾವು ಅದನ್ನೂ ಕೆಳಗಿಳಿಸಿದ್ವಿ, ಆ ಹೊಂದಾಣಿಕೆ ಮುರೀತು." ಅಚ್ಚುಗಳನ್ನು ಮೇಜಿನ ಮೇಲಿಟ್ಟು ಹೇಳಿದರು, "ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನೂ ಇನ್ನೊಂದು ಸಲ ಯೋಚ್ನೆ ಮಾಡ್ಬೇಕಿತ್ತು, ನಿನ್ನ ಮಾತು ಅಂತ ನಂಬಿಬಿಟ್ಟೆ."

"ಮತ್ತೆ ಬಿಚ್ಚಿ ಸರಿ ಮಾಡಕ್ಕಾಗಲ್ವಾ ಸರ್?"

"ಜಾಲರಿ ಸುತ್ತ ಎಲ್ಲಾ ಬೆಳೆದು ಹಿಡ್ಕೊಂಡಿದೆ. ಅದನ್ನ ಕೀಳೋಕೆ ಹೋಗಿ ನರಕ್ಕೆ ಏನಾದ್ರೂ ಆದ್ರೆ ಆ ಕಣ್ಣೇ ಹೋಗುತ್ತೆ. ಇರೋದನ್ನ ಕಳ್ಕೊಳ್ಳೋದು ಬೇಡ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾರನೆಯ ದಿನ ಅವನಿಗೆ ರಜೆ. ಮಧ್ಯಾಹ್ನ ಅವನ ಮನೆಗೆ ಹೋದೆ, ಅಮ್ಮ ಇರುವುದೂ ಅಲ್ಲೇ. ಅವನು ಮನೆಯ ಮುಂದಿನ ಮೆಟ್ಟಿಲ ಮೇಲೆ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಒಳಗೆ ಅಮ್ಮ ಪಾತ್ರೆ ಜೋಡಿಸುವ ಸದ್ದು. ನಾನು ಪಕ್ಕದಲ್ಲಿ ಕೂತು, ಚೆಂಡಿನಿಂದ ಹಿಡಿದು ಜಾಲರಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನೀನು ಎಂಟು ವರ್ಷದವನು, ನಿನಗೆ ನೆನಪಿರಲಿಕ್ಕಿಲ್ಲ ಎಂದೆ. ಬಯ್ಯಿ, ಹೊಡಿ, ಮುಖ ನೋಡಬೇಡ ಎಂದೆ.

ಅವನು ಬೀದಿ ನೋಡುತ್ತಾ ಕೂತಿದ್ದ.

"ನೆನಪಿದೆ ಅಕ್ಕ," ಎಂದ.

"ಏನು ನೆನಪಿದೆ?"

"ಎಲ್ಲಾ. ಚೆಂಡು ನೀಲಿ ಬಣ್ಣದ್ದು."

"ಮತ್ತೆ ಡಾಕ್ಟರು ಕೇಳಿದಾಗ ಯಾಕೋ ಹೇಳ್ಲಿಲ್ಲ? ನಿನ್ನನ್ನೇ ಕೇಳಿದ್ರಲ್ಲೋ. ನಾನು ಪಾಪಿ, ನಂಗೆ ಬಾಯಿ ಬರ್ಲಿಲ್ಲ. ನಿಂಗೇನಾಗಿತ್ತು?"

ಅವನು ಪಟ್ಟಿ ಸರಿ ಮಾಡಿಕೊಂಡ. "ಆಣೆ ಹಾಕಿಸ್ಕೊಂಡಿದ್ದೆಯಲ್ಲ."

"ಏನು ಆಣೆ? ಮೂವತ್ತೊಂದು ವರ್ಷದ ಹಿಂದಿಂದು ಕಣೋ. ಮಕ್ಕಳಾಟ ಅದು."

"ಗೊತ್ತು. ಹುಚ್ಚುತನ ಅಂತ ಗೊತ್ತು. ಆದ್ರೂ ಹೇಳಿದ್ರೆ ಅಮ್ಮ ಸತ್ತು ಹೋಗ್ತಾಳೆ ಅಂತ ಅಂದಿದ್ದೆ ನೀನು. ಚಿಕ್ಕೋನಿದ್ದಾಗ ದಿನಾ ರಾತ್ರಿ ಅಮ್ಮಂಗೆ ಉಸಿರಿದೆಯಾ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ತಿದ್ದೆ, ಎಲ್ಲಿ ಬಾಯ್ತಪ್ಪಿ ಯಾರ ಹತ್ರಾದ್ರೂ ಹೇಳ್ಬಿಟ್ಟಿದ್ದೀನೋ ಅಂತ." ಅವನು ನನ್ನ ಕಡೆ ತಿರುಗಿದ. "ಅವತ್ತು ಡಾಕ್ಟರು ಕೇಳಿದಾಗ ನಿನ್ನನ್ನ ನೋಡ್ದೆ. ಅಕ್ಕ ಈಗ ಹೇಳ್ತಾಳೆ, ಆಣೆ ಬಿಡಿಸ್ತಾಳೆ ಅಂದ್ಕೊಂಡೆ. ನೀನು ಇಲ್ಲ ಅಂದ್ಬಿಟ್ಟೆ. ಅಮ್ಮ ಎದುರಿಗೇ ಬೆಂಚಿನ ಮೇಲೆ ಕೂತಿದ್ಲು. ಹೆಂಗ್ ಹೇಳ್ಲಿ?"

ಸಿಟ್ಟಿನಲ್ಲಿ ಹೇಳಲಿಲ್ಲ ಅವನು. ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಎದುರಿನ ಬೀದಿಯಲ್ಲಿ ಬಸ್ಸೊಂದು ಹಾದುಹೋಯಿತು, ಅವನು ಅದರ ಕಡೆ ಗದ್ದ ಎತ್ತಲಿಲ್ಲ.

"ಬಿಟ್ಟೆ ಕಣೋ," ಎಂದೆ. "ಆ ಆಣೆ ಬಿಟ್ಟೆ."

"ನನಗೆ ಬಿಟ್ರೆ ಏನು ಬಂತು. ಒಳಗೆ ಹೋಗಿ ಅಮ್ಮಂಗೆ ಹೇಳು. ಪಾಪ, ಇವತ್ತಿಗೂ ಹಾಲ್ ಮೂಸ್ತಾಳೆ."

ಅಡುಗೆಮನೆಯಲ್ಲಿ ಅಮ್ಮ ಕಾಫಿಗೆ ಹಾಲು ಕಾಯಿಸುತ್ತಿದ್ದಳು. ಮೂರು ಲೋಟ ತೊಳೆದು ಬೋರಲು ಹಾಕಿದ್ದಳು. ನಾನು ಬಾಗಿಲ ಹತ್ತಿರವೇ ನಿಂತು ಹೇಳಿದೆ. ಹಾಲಲ್ಲಮ್ಮ, ಅವತ್ತು ಹಾಲಿನಿಂದ ಏನೂ ಆಗಿರಲಿಲ್ಲ, ನಾನು ಚೆಂಡಿನಿಂದ ಹೊಡೆದಿದ್ದೆ ಎಂದೆ. ದೊರೆಯ ಗದ್ದದ ವಿಷಯ ಹೇಳಿದೆ. ಜಾಲರಿಯ ವಿಷಯ ಹೇಳುವಾಗ ಮಾತು ತೊದಲಿತು. ದೊರೆ ಬಂದು ನನ್ನ ಹಿಂದೆ ನಿಂತಿದ್ದ.

ಬೈಗುಳಕ್ಕೆ ಕಾಯುತ್ತಿದ್ದೆ. ನನ್ನ ಬಾಯಿ ಅಮ್ಮನಿಂದಲೇ ಬಂದದ್ದು. ಆದರೆ ಅವಳು ಹಾಲನ್ನೇ ನೋಡುತ್ತಾ ನಿಂತಿದ್ದಳು. ಉಕ್ಕಿ ಬಂದ ಹಾಲಿಗೆ ಉರಿ ತಗ್ಗಿಸಿದಳು.

"ಆ ಹಾಲು ನೀನೂ ಕುಡ್ದಿದ್ದೆ ಅಲ್ವೇನೇ?" ಎಂದಳು.

"ಹೂಂ ಅಮ್ಮ."

"ನಿಂಗೇನೂ ಆಗ್ಲಿಲ್ಲ."

"ಇಲ್ಲ."

"ಅಷ್ಟೂ ತೋಚ್ಲಿಲ್ಲ ನೋಡು ನಂಗೆ," ಎಂದಳು ಅಮ್ಮ. "ಒಂದೇ ಪಾತ್ರೆ ಹಾಲು. ಒಂದು ಮಗು ಮಲಗಿದೆ, ಇನ್ನೊಂದು ಓಡಾಡ್ತಿದೆ. ನಾನ್ಯಾಕೆ ಕೇಳ್ಲಿಲ್ಲ? ತಾಯಿಯಾದೋಳು ಒಂದು ಮಾತು ಕೇಳಿದ್ರೆ ನನ್ನ ಮಗ ಇವತ್ತು ಬಸ್ಸಲ್ಲಿರ್ತಿದ್ದ."

ನಿನ್ನ ತಪ್ಪಲ್ಲಮ್ಮ ಎಂದು ನಾನೂ ದೊರೆಯೂ ಒಟ್ಟಿಗೇ ಹೇಳಿದೆವು. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಒಲೆ ಆರಿಸಿ, ಸೆರಗಿನಲ್ಲಿ ಪಾತ್ರೆ ಹಿಡಿದು ಮೂಗಿನ ಹತ್ತಿರ ತಂದಳು, ಮೂಸಿದಳು, ಆಮೇಲೆ ಮೂರು ಲೋಟಕ್ಕೂ ಬಗ್ಗಿಸಿದಳು.